ಹರಿಗೋಲು ಮಗುಚಿದಾಗ: ಮೊದಲು ಹಗ್ಗ, ಆಮೇಲೆ ಆಳು

‘ಉಳಿಸಲು ಹೋದವನೂ ನೀರುಪಾಲು.’ ಮಳೆಗಾಲದಲ್ಲಿ ಪತ್ರಿಕೆಯ ಜಿಲ್ಲಾ ಪುಟಕ್ಕೆ ಈ ತಲೆಬರಹ ಹೊಸದೇನಲ್ಲ. ಓದಿ ಅಯ್ಯೋ ಅಂತೇವೆ, ಪುಟ ತಿರುವುತ್ತೇವೆ. ಆ ಎರಡನೆಯ ಸಾವು ಹೇಗಾಯಿತು ಅನ್ನುವುದು ಮಾತ್ರ ಸುದ್ದಿಯಲ್ಲಿ ಇರುವುದಿಲ್ಲ. ಅದು ಬಹುತೇಕ ಒಂದೇ ಬಗೆಯಲ್ಲಿ ಆಗುತ್ತದೆ. ಈಜು ಬಲ್ಲ ಗಟ್ಟಿಗನೊಬ್ಬ ಅಂಗಿ ಕಳಚಿ ಬರಿಗೈಲಿ ಜಿಗಿಯುತ್ತಾನೆ, ಮುಳುಗುತ್ತಿರುವವನ ಎದುರಿಗೇ ಹೋಗುತ್ತಾನೆ, ಅವನು ಇವನ ಕುತ್ತಿಗೆಗೆ ಜೋತುಬೀಳುತ್ತಾನೆ. ಆಮೇಲೆ ಇಬ್ಬರದೂ ಒಂದೇ ಲೆಕ್ಕ.

ದೋಣಿಯೋ ಹರಿಗೋಲೋ ಮಗುಚಿದಾಗ ದಡದಲ್ಲಿ ಅಥವಾ ಪಕ್ಕದ ದೋಣಿಯಲ್ಲಿ ಇದ್ದವರು ತಮ್ಮ ಜೀವಕ್ಕೆ ಎರವಾಗದಂತೆ ಏನು ಮಾಡಬಹುದು ಅನ್ನುವುದಷ್ಟೇ ಈ ಬರಹ. ನೀವು ಮತ್ತು ಮುಳುಗುವವನ ನಡುವೆ ಹಗ್ಗ, ಗಳ, ಕ್ಯಾನು, ಏನಾದರೂ ಒಂದು ಇರಲೇಬೇಕು. ಉಳಿದ ಮಾತೆಲ್ಲ ಇದಕ್ಕೆ ಹೊಂದಿಕೊಂಡೇ ಬರುತ್ತದೆ.

ಕಲಬುರಗಿ, ಯಾದಗಿರಿ, ಬೀದರಿನಂಥ ಬಿಸಿಲ ನಾಡಿನಲ್ಲಿ ದೋಣಿಯ ಮಾತೇಕೆ ಅಂತ ಕೇಳುವವರಿದ್ದಾರೆ. ನಕಾಶೆ ತೆಗೆದು ನೋಡಿ. ಯಾದಗಿರಿ ಜಿಲ್ಲೆಯ ದಕ್ಷಿಣದ ಅಂಚಿಗೆ ಕೃಷ್ಣೆ, ನಾರಾಯಣಪುರದಲ್ಲಿ ಬಸವಸಾಗರ. ಅಫಜಲಪುರದಿಂದ ಯಾದಗಿರಿಯವರೆಗೆ ಭೀಮೆ, ಅದಕ್ಕೆ ಅಡ್ಡಲಾಗಿ ಸೊನ್ನ ಬ್ಯಾರೇಜಿನಿಂದ ಹಿಡಿದು ಹಲವು ಬ್ರಿಜ್ ಕಂ ಬ್ಯಾರೇಜು (ಮೇಲೆ ಸೇತುವೆ, ಕೆಳಗೆ ನೀರು ತಡೆಯುವ ಗೇಟು). ಬೀದರಿಗೆ ಮಾಂಜ್ರಾ, ಭಾಲ್ಕಿ ಕಡೆ ಕಾರಂಜಾ ಜಲಾಶಯ. ಚಿಂಚೋಳಿ ಕಾಡಿನ ಅಂಚಿಗೆ ಚಂದ್ರಂಪಳ್ಳಿ, ಆಳಂದದ ಕಡೆ ಅಮರ್ಜಾ, ಇವೂ ಜಲಾಶಯಗಳೇ. ಮೀನು ಹಿಡಿಯುವವರು, ಗಡ್ಡಿಯ (ಹೊಳೆ ನಡುವಿನ ನಡುಗಡ್ಡೆಯ) ಹೊಲಕ್ಕೆ ಹೋಗಿಬರುವವರು, ತಿಂಥಣಿ ಮೌನೇಶ್ವರನಿಗೋ ಗಾಣಗಾಪುರದ ಸಂಗಮಕ್ಕೋ ಬರುವ ಭಕ್ತರು, ಎಲ್ಲರೂ ನೀರಿಗೆ ಹತ್ತಿರದವರೇ.

ಈ ನೀರುಗಳ ಗುಣ ಒಂದೇ ಅಲ್ಲ, ಅದನ್ನು ತಿಳಿಯದೆ ನೆರವಿಗೆ ಇಳಿಯುವುದು ಕುರುಡು ಸಾಹಸ. ಸುರಪುರದ ಕಡೆಯ ಕೃಷ್ಣೆಯ ತಳದಲ್ಲಿ ಬಂಡೆಗಳಿವೆ. ಎದೆಮಟ್ಟದ ನೀರಲ್ಲಿ ನಡೆಯಹೋದವನ ಪಾದ ಎರಡು ಬಂಡೆಗಳ ಸಂದಿಗೆ ಸಿಕ್ಕಿತೆಂದರೆ ಸೆಳವು ಮೈಯನ್ನು ಮುಂದಕ್ಕೆ ಬಗ್ಗಿಸಿ ಒತ್ತಿಹಿಡಿಯುತ್ತದೆ, ಮತ್ತೆ ಏಳುವುದಕ್ಕಾಗುವುದಿಲ್ಲ. ಅದಕ್ಕೇ ಸೆಳವಿನಲ್ಲಿ ಬಿದ್ದವರಿಗೆ ನಿಲ್ಲಲು ಹೇಳಬಾರದು, ಅಂಗಾತ ಮಲಗಿ ಕಾಲು ಮುಂದೆ ಮಾಡಿ ತೇಲಲು ಹೇಳಬೇಕು. ಭೀಮೆಯ ದಡ ಕರಿಮಣ್ಣು ಮತ್ತು ಹೂಳು. ಅಲ್ಲಿ ಮೊಣಕಾಲವರೆಗೆ ಹೂತುಹೋದ ರಕ್ಷಕ ಸ್ವತಃ ಇನ್ನೊಬ್ಬರ ನೆರವಿಗೆ ಕಾಯಬೇಕಾಗುತ್ತದೆ. ಕಾರಂಜಾದಂಥ ಬಯಲು ಜಲಾಶಯದಲ್ಲಿ ಸೆಳವು ಕಡಿಮೆ, ಗಾಳಿಯ ಕಾಟ ಜಾಸ್ತಿ. ಕಿಲೋಮೀಟರುಗಟ್ಟಲೆ ಅಡ್ಡಿಯಿಲ್ಲದೆ ಬೀಸಿದ ಗಾಳಿ ಎದುರು ದಡಕ್ಕೆ ಹೋಗುವ ಹೊತ್ತಿಗೆ ಸಣ್ಣ ದೋಣಿಗೆ ಸಾಕಾಗುವಷ್ಟು ತೆರೆ ಎಬ್ಬಿಸಿರುತ್ತದೆ. ಕೃಷ್ಣೆಯ ಈ ಭಾಗದಲ್ಲಿ ಮೊಸಳೆಗಳಿವೆ ಅನ್ನುವುದು ಊರವರಿಗೆ ಗೊತ್ತು, ಪ್ರವಾಸಕ್ಕೆ ಬಂದವರಿಗೆ ಗೊತ್ತಿರುವುದಿಲ್ಲ.

ಇನ್ನು ಮೇಲಿನಿಂದ ಬಿಡುವ ನೀರು. ಇಲ್ಲಿ ಬಿಸಿಲು ಕಾಯುತ್ತಿದ್ದರೂ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟರೆ ಭೀಮೆ ಏರುತ್ತದೆ. 2020ರ ಅಕ್ಟೋಬರಿನಲ್ಲಿ ಕಲಬುರಗಿಯ ನದಿದಡದ ಊರುಗಳು ಅದನ್ನು ಕಂಡಿವೆ. 2019ರ ಆಗಸ್ಟಿನಲ್ಲಿ ಕೃಷ್ಣೆಯೂ ಹಾಗೇ ಉಕ್ಕಿತ್ತು. ಅರ್ಧ ತಾಸಿನ ಹಿಂದೆ ಮೊಣಕಾಲಿಗಿದ್ದ ನೀರು ಈಗ ಎಲ್ಲಿದೆ ಅಂತ ನೋಡಿಕೊಳ್ಳಲು ದಡದಲ್ಲಿ ಒಂದು ಕೋಲು ನೆಟ್ಟು ನೀರಿನ ಗೆರೆಗೆ ಗುರುತು ಮಾಡಿ. ಪಾರುಗಾಣಿಸುವ ಕೆಲಸ ನಡೆದಿರುವಾಗಲೂ ಒಬ್ಬರ ಕಣ್ಣು ಆ ಗುರುತಿನ ಮೇಲಿರಲಿ.

ಹರಿಗೋಲು ಮಗುಚಿದ ಗಳಿಗೆಯಲ್ಲಿ ಎಲ್ಲರೂ ಕೂಗುತ್ತಾರೆ. ಆಗ ಮೊದಲ ಹತ್ತು ಸೆಕೆಂಡು ಜಿಗಿಯಲಿಕ್ಕಲ್ಲ, ನೋಡಲಿಕ್ಕೆ. ಎಷ್ಟು ತಲೆ ಕಾಣುತ್ತಿವೆ? ನೀರು ಯಾವ ಕಡೆ ಒಯ್ಯುತ್ತಿದೆ, ಮುಂದೆ ಏನಿದೆ: ಸೇತುವೆಯ ಕಂಬವೇ, ಬ್ಯಾರೇಜಿನ ಗೇಟೇ, ಜಾಲಿಯ ಪೊದೆಯೇ? ಬ್ಯಾರೇಜಿದ್ದರೆ ಕೆಲಸದ ರೀತಿಯೇ ಬದಲಾಗುತ್ತದೆ, ಅದಕ್ಕೆ ಆಮೇಲೆ ಬರೋಣ.

ಕೂಗುವವನಿಗಿಂತ ಕೂಗದವನ ಕಡೆ ಮೊದಲು ಕಣ್ಣು ಹೋಗಬೇಕು. ನಿಜವಾಗಿ ಮುಳುಗುತ್ತಿರುವವನು ಕೈ ಬೀಸಿ ಕರೆಯುವುದಿಲ್ಲ, ಅವನಿಗೆ ಅಷ್ಟು ಉಸಿರೇ ಇರುವುದಿಲ್ಲ. ಮೈ ನೆಟ್ಟಗೆ ನಿಂತಂತೆ ಇರುತ್ತದೆ, ತಲೆ ಹಿಂದಕ್ಕೆ ವಾಲಿರುತ್ತದೆ, ಬಾಯಿ ನೀರಿನ ಮಟ್ಟದಲ್ಲಿ ಒಳಗೆ ಹೊರಗೆ ಆಗುತ್ತಿರುತ್ತದೆ, ಎರಡೂ ಕೈ ಅಕ್ಕಪಕ್ಕಕ್ಕೆ ಚಾಚಿ ನೀರನ್ನು ಕೆಳಗೆ ಒತ್ತುತ್ತಿರುತ್ತವೆ. ಹೀಗೆ ಕಂಡಮೇಲೆ ಸಿಗುವ ಸಮಯ 20ರಿಂದ 60 ಸೆಕೆಂಡು. ‘ಯಪ್ಪಾ, ಉಳಿಸ್ರೋ’ ಅಂತ ಕಿರುಚುತ್ತಿರುವವನಿಗೆ ಕನಿಷ್ಠ ಉಸಿರಾಡಲು ಬರುತ್ತಿದೆ. ಮೊದಲ ಕ್ಯಾನು ಮೌನವಾಗಿರುವವನಿಗೆ, ಎರಡನೆಯದು ಕೂಗುವವನಿಗೆ. ದಡದಲ್ಲಿ ನಿಂತವರಿಗೆ ಇದನ್ನು ಪಾಲಿಸುವುದು ಬಹಳ ಕಷ್ಟ, ಯಾಕೆಂದರೆ ಕೂಗು ಕರುಳಿಗೆ ನಾಟುತ್ತದೆ.

ಅಷ್ಟರಲ್ಲಿ ಇನ್ನೊಬ್ಬರು ಫೋನಿಗೆ ಕೈ ಹಾಕಿರಬೇಕು. 112ಕ್ಕೆ ಕರೆ ಮಾಡಿದರೆ ಪೊಲೀಸು, ಅಗ್ನಿಶಾಮಕ, ಆಂಬುಲೆನ್ಸು ಮೂರಕ್ಕೂ ಸುದ್ದಿ ಮುಟ್ಟಿಸಬಹುದು. ಆಂಬುಲೆನ್ಸಿಗೆ ನೇರವಾಗಿ 108, ಜಿಲ್ಲಾ ವಿಪತ್ತು ಕಂಟ್ರೋಲ್ ರೂಮಿಗೆ 1077. ನಮ್ಮ ಹೊಳೆಗಳ ವಿಷಯದಲ್ಲಿ ಈ ಕರೆಯಲ್ಲಿ ಬಹಳ ಸಲ ಬಿಟ್ಟುಹೋಗುವ ಮಾತು ಒಂದಿದೆ: ಯಾವ ದಡ ಅನ್ನುವುದು. ಕೃಷ್ಣೆಯ ಈಚೆ ದಡ ಯಾದಗಿರಿ ಜಿಲ್ಲೆಯಾದರೆ ಆಚೆ ರಾಯಚೂರು. ಅಫಜಲಪುರದ ಎದುರು ದಡ ವಿಜಯಪುರ ಜಿಲ್ಲೆ. ಗಾಡಿ ತಪ್ಪು ದಡಕ್ಕೆ ಬಂದು ನಿಂತರೆ ಮುಂದಿನ ಸೇತುವೆ ಸುತ್ತಿ ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಆದ್ದರಿಂದ ಹೊಳೆಯ ಹೆಸರು, ಊರಿನ ಹೆಸರು, ಯಾವ ದಡ, ಹತ್ತಿರದ ಗುರುತು (ಗುಡಿ, ನೀರೆತ್ತುವ ಜಾಕ್‌ವೆಲ್, ಸೇತುವೆ), ಎಷ್ಟು ಜನ, ಮಕ್ಕಳಿದ್ದಾರೆಯೇ, ನೀರು ಯಾವ ಊರಿನ ಕಡೆ ಹರಿಯುತ್ತಿದೆ, ಇಷ್ಟನ್ನು ಹೇಳಿ. ಮೇಲಿನ ಬ್ಯಾರೇಜಿನಿಂದ ನೀರು ಬಿಡುತ್ತಿದ್ದರೆ ಅದನ್ನು ತಡೆಯಲು ಸಾಧ್ಯವೇ ಅಂತ 1077ಕ್ಕೆ ಕೇಳಿ. ಗೇಟು ಇಳಿಸಿದರೂ ಈಗಾಗಲೇ ಬಿಟ್ಟ ನೀರು ಬಂದೇ ಬರುತ್ತದೆ ಅನ್ನುವುದು ನೆನಪಿರಲಿ. ಡಾಂಬರು ರಸ್ತೆಗೆ ಒಬ್ಬ ಹುಡುಗನನ್ನು ಬೈಕಿನ ಮೇಲೆ ಕಳಿಸಿ, ಗಾಡಿಗೆ ದಾರಿ ತೋರಿಸಲಿ.

ಎಸೆಯಲು ತೇಲುವ ಸಾಮಾನಿಗೆ ನಮ್ಮೂರುಗಳಲ್ಲಿ ಕೊರತೆಯಿಲ್ಲ. ಒಂದು ಲೀಟರು ಜಾಗ ಹಿಡಿದ ಗಾಳಿ ಹೆಚ್ಚುಕಡಿಮೆ ಒಂದು ಕಿಲೋ ಭಾರವನ್ನು ತೇಲಿಸುತ್ತದೆ. ನೀರಿನೊಳಗಿನ ದೊಡ್ಡ ಮನುಷ್ಯನ ತಲೆ ಮೇಲಿರಲು ಬೇಕಾಗುವುದು ಸುಮಾರು 5 ಕಿಲೋದಷ್ಟು ಬಲ, ಅಷ್ಟೇ. ಮೈ ಉಳಿದ ಭಾರವನ್ನು ತಾನೇ ತೇಲಿಸಿಕೊಳ್ಳುತ್ತದೆ. ಅಂದರೆ ಮುಚ್ಚಳ ಬಿಗಿಯಾಗಿರುವ 5 ಲೀಟರಿನ ಖಾಲಿ ಎಣ್ಣೆ ಕ್ಯಾನು ಶಾಂತ ನೀರಲ್ಲಿ ಒಬ್ಬನನ್ನು ಉಳಿಸಬಲ್ಲದು, ತೆರೆಯಿದ್ದರೆ 10 ಲೀಟರಿನದು ಬೇಕು. 20 ಲೀಟರಿನ ಕ್ಯಾನಿಗೆ ಇಬ್ಬರು ಆತುಕೊಳ್ಳಬಹುದು. ತೀರಾ ಖಾಲಿ ಕ್ಯಾನನ್ನು ಎಸೆದರೆ ಗಾಳಿಗೆ ಹಾರಿ ಎತ್ತಲೋ ಬೀಳುತ್ತದೆ, ಒಳಗೆ ಅರ್ಧ ಲೀಟರು ನೀರು ಬಿಟ್ಟು ಮುಚ್ಚಳ ಹಾಕಿ ಎಸೆದರೆ ಗುರಿಗೆ ಹೋಗುತ್ತದೆ. ಟ್ರ್ಯಾಕ್ಟರಿನ ಟ್ಯೂಬಿಗಿಂತ ಒಳ್ಳೆಯದು ಯಾವುದೂ ಇಲ್ಲ, ಆದರೆ ಅದರ ವಾಲ್ವು ಒಳಮುಖವಾಗಿರುತ್ತದೆ, ಮೈ ತರಚದಂತೆ ಅದಕ್ಕೆ ಬಟ್ಟೆ ಸುತ್ತಿಡಿ. ಪ್ಲಾಸ್ಟಿಕ್ ಕೊಡವನ್ನು ಬೋರಲು ಹಿಡಿದರೆ ತೇಲುತ್ತದೆ ನಿಜ, ವಾಲಿತೆಂದರೆ ಮಾತ್ರ ನೀರು ತುಂಬಿ ಕೈಕೊಡುತ್ತದೆ. 2014ರಲ್ಲಿ ಸುರಪುರ ಸೀಮೆಯ ನೀಲಕಂಠರಾಯನ ಗಡ್ಡಿಯಿಂದ ತುಂಬು ಗರ್ಭಿಣಿಯೊಬ್ಬರು ಒಣ ಸೋರೆಬುರುಡೆ ಕಟ್ಟಿಕೊಂಡು, ಮನೆಯವರ ಜೊತೆ ಈಜಿ, ತುಂಬಿದ ಕೃಷ್ಣೆಯನ್ನು ದಾಟಿದ್ದು ಸುದ್ದಿಯಾಗಿತ್ತು. ಅವರ ಧೈರ್ಯವನ್ನು ಎಲ್ಲರೂ ಹೊಗಳಿದರು, ಬುರುಡೆಯ ಲೆಕ್ಕವನ್ನು ಯಾರೂ ಹಾಕಲಿಲ್ಲ.

ಕ್ಯಾನು ಸಿಕ್ಕವನಿಗೆ ಅದನ್ನು ಎದೆಗೆ ಅಪ್ಪಿಕೊಳ್ಳಲು ಹೇಳಬೇಕು. ಅದರ ಮೇಲೆ ಹತ್ತಲು ನೋಡಿದರೆ ಅದು ಜಾರಿ ಆಚೆ ಚಿಮ್ಮುತ್ತದೆ. ಹೇಳುವ ಮಾತು ಚಿಕ್ಕದಾಗಿರಲಿ, ಒಬ್ಬರೇ ಹೇಳಲಿ: ‘ತಮ್ಮಾ, ಅಂಜಬ್ಯಾಡ! ಕ್ಯಾನ್ ಎದಿಗೆ ಹಿಡ್ಕೊ! ಕಾಲ್ ಬಡಿ!’ ಹತ್ತು ಮಂದಿ ಹತ್ತು ತರಹ ಕೂಗಿದರೆ ನೀರಲ್ಲಿದ್ದವನಿಗೆ ಕೇಳುವುದು ಗದ್ದಲವೊಂದೇ.

ಹಗ್ಗದ ಮಾತು ಸ್ವಲ್ಪ ವಿವರವಾಗಿಯೇ ಬೇಕು. ಉದ್ದ 15ರಿಂದ 20 ಮೀಟರು, ದಪ್ಪ 8ರಿಂದ 10 ಮಿಲಿಮೀಟರು. ಇದಕ್ಕಿಂತ ಸಣ್ಣದಾದರೆ ಒದ್ದೆ ಕೈಗೆ ಹಿಡಿತ ಸಿಗುವುದಿಲ್ಲ. ಅಂಗಡಿಯಲ್ಲಿ ಎಲ್ಲ ಪ್ಲಾಸ್ಟಿಕ್ ಹಗ್ಗಕ್ಕೂ ನೈಲಾನ್ ಅಂತಲೇ ಕರೆಯುತ್ತಾರೆ, ಆದರೆ ನಿಜವಾದ ನೈಲಾನ್ ನೀರಲ್ಲಿ ಮುಳುಗುತ್ತದೆ, ಪಾಲಿಪ್ರೊಪಿಲೀನ್ ತೇಲುತ್ತದೆ. ಒಂದು ಗೇಣು ತುಂಡನ್ನು ಬಕೆಟ್ ನೀರಿಗೆ ಹಾಕಿ ನೋಡಿ ಕೊಳ್ಳುವುದು ಒಳ್ಳೆಯದು. ಮುಳುಗುವ ಹಗ್ಗ ಬಂಡೆಗೂ ಮೋಟಾರು ದೋಣಿಯ ಪಂಖಕ್ಕೂ ಸಿಕ್ಕಿಕೊಳ್ಳುತ್ತದೆ. ತುದಿಗೆ ಸಣ್ಣ ಕ್ಯಾನು ಕಟ್ಟಿದ್ದರೆ ಎಸೆಯಲೂ ಹಗುರ, ಹಿಡಿಯಲೂ ಅನುಕೂಲ. ತುದಿಗೆ ಕಲ್ಲು ಕಟ್ಟುವವರಿದ್ದಾರೆ, ಅದು ತಲೆಗೆ ಬಿದ್ದರೆ ಇದ್ದ ಎಚ್ಚರವೂ ಹೋಗುತ್ತದೆ.

ಎಸೆಯುವಾಗ ಅವನ ತಲೆಯ ಆಚೆಗೆ, ಹಗ್ಗ ಹೆಗಲ ಮೇಲೆ ಬೀಳುವ ಹಾಗೆ ಎಸೆಯಿರಿ. ಈಚೆಗೆ ಬಿದ್ದ ಹಗ್ಗಕ್ಕೆ ಕೈ ಚಾಚಲು ಅವನಲ್ಲಿ ತ್ರಾಣವಿರುವುದಿಲ್ಲ. ಹರಿಯುವ ನೀರಿನಲ್ಲಿ ಅವನು ನಿಮ್ಮ ನೇರಕ್ಕೆ ಬರುವ ಸ್ವಲ್ಪ ಮೊದಲೇ ಎಸೆಯಬೇಕು. ದಾಟಿಹೋದ ಮೇಲೆ ಎಸೆದರೆ ಬೆನ್ನಟ್ಟಿದ ಹಾಗೆ, ಮುಟ್ಟುವುದಿಲ್ಲ. ಹಿಡಿದುಕೊಂಡ ಕೂಡಲೇ ಹಗ್ಗ ಬಿಗಿಯಾಗಿ ಸೆಳವೇ ಅವನನ್ನು ತೂಗಿಕೊಂಡು ನಿಮ್ಮ ದಡಕ್ಕೆ, ನೀವಿರುವ ಜಾಗಕ್ಕಿಂತ ಕೆಳಗೆ, ತಂದು ಸೇರಿಸುತ್ತದೆ. ಅವನು ಬಂದು ಸೇರುವ ಆ ಜಾಗದಲ್ಲಿ ಮುಳ್ಳುಜಾಲಿ, ಬಂಡೆ ಇರದಂತೆ ನಿಮ್ಮ ನಿಲುವನ್ನು ಮೊದಲೇ ಆರಿಸಿಕೊಳ್ಳಿ. ನೀರಿಗೆ ಎದುರಾಗಿ ಅವನನ್ನು ಜಗ್ಗಬೇಡಿ. ಜಗ್ಗಿದರೆ ಅವನ ಮುಖ ನೀರೊಳಗೆ ಹೋಗುತ್ತದೆ, ಇಲ್ಲವೇ ಕೈ ಬಿಟ್ಟುಹೋಗುತ್ತದೆ. ಅವನು ಅಂಗಾತ ಮಲಗಿ, ಹಗ್ಗವನ್ನು ಹೆಗಲ ಮೇಲಿಂದ ಎದೆಯ ಹತ್ತಿರ ಹಿಡಿದರೆ ಮುಖ ಮೇಲಿರುತ್ತದೆ.

ಎಸೆದವನ ಮೈಮೇಲೂ ಗಮನ ಬೇಕು. ಹಗ್ಗವನ್ನು ಅಂಗೈಗೆ ಸುತ್ತಿಕೊಳ್ಳುವುದು, ನಡಕ್ಕೆ ಗಂಟು ಹಾಕಿಕೊಳ್ಳುವುದು, ಸುರುಳಿಯೊಳಗೆ ಕಾಲಿಟ್ಟು ನಿಲ್ಲುವುದು, ಮೂರೂ ಬೇಡ. ನೀರಿನ ವೇಗ ಎರಡರಷ್ಟಾದರೆ ಅದರ ಒತ್ತಡ ನಾಲ್ಕರಷ್ಟಾಗುತ್ತದೆ, ಆ ಜಗ್ಗಿಗೆ ನಿಂತ ಆಳು ಅನಾಮತ್ತಾಗಿ ನೀರಿಗೆ ಬೀಳುತ್ತಾನೆ. ಕುಕ್ಕರಗಾಲಲ್ಲಿ ಅಥವಾ ನೆಲಕ್ಕೆ ಕುಂತು ಹಿಡಿಯಿರಿ, ಹಿಂದೆ ಒಬ್ಬರು ನಿಮ್ಮ ನಡ ಹಿಡಿಯಲಿ, ಕೈಯಲ್ಲಿ ನಿಲ್ಲದಿದ್ದರೆ ಹಗ್ಗ ಬಿಟ್ಟುಬಿಡುವ ಹಾಗಿರಲಿ. ಹಗ್ಗವಿಲ್ಲದಿದ್ದರೆ ಬಿದಿರ ಗಳ, ಧೋತರ, ಎರಡು ಸೀರೆ ಗಂಟು ಹಾಕಿದ್ದು. ಇವನ್ನು ಚಾಚುವಾಗ ಹೊಟ್ಟೆಯ ಮೇಲೆ ಮಲಗಿ ಚಾಚಬೇಕು. ನಿಂತು ಬಗ್ಗಿ ಕೈ ಕೊಟ್ಟವರು ಒಳಗೆ ಹೋಗುತ್ತಾರೆ. ಕೈಕೈ ಹಿಡಿದು ಮನುಷ್ಯರ ಸರಪಳಿ ಮಾಡಿ ನೀರಿಗಿಳಿಯುವುದು ನೋಡಲು ಚೆಂದ. ನಡುವಿನ ಒಬ್ಬನ ಕಾಲು ಜಾರಿದರೆ ಇಡೀ ಸಾಲೇ ಹೋಗುತ್ತದೆ. ಒಂದೇ ಮನೆಯ ಮೂರ್ನಾಲ್ಕು ಜನ ಒಟ್ಟಿಗೆ ಸಾಯುವುದು ಹೀಗೇ.

ಬಾವಿಯಲ್ಲಿ ಬೆಂಡು ಕಟ್ಟಿಕೊಂಡು ಈಜು ಕಲಿತವರು ನಮ್ಮಲ್ಲಿ ಜಾಸ್ತಿ. ಅವರಿಗೆ ಧಮ್ಮಿದೆ, ಮೇಲಿಂದ ದುಮುಕುವ ಚಟವೂ ಇದೆ. ಆದರೆ ಬಾವಿಗೆ ಸೆಳವಿಲ್ಲ, ನಾಲ್ಕು ಮಾರಿಗೆ ಗೋಡೆ ಸಿಗುತ್ತದೆ. ಹೊಳೆಯಲ್ಲಿ ಅದೇ ಈಜನ್ನು ನಂಬಿದರೆ ಅರ್ಧದಲ್ಲಿ ದಣಿವು. ಬೇರೆ ದಾರಿಯೇ ಇಲ್ಲದೆ ಈಜಿ ಹೋಗಲೇಬೇಕಾದರೆ ಟ್ಯೂಬು ಅಥವಾ ಕ್ಯಾನನ್ನು ಮುಂದೆ ತಳ್ಳಿಕೊಂಡು ಹೋಗಿ. ಎರಡು ಮೂರು ಮೀಟರು ದೂರದಲ್ಲೇ ನಿಂತು ಅದನ್ನು ಅವನ ಕಡೆ ತಳ್ಳಿ. ಅವನು ಅದನ್ನು ಹಿಡಿದು ನಿರಾಳವಾದ ಮೇಲೆ ಹಿಂದಿನಿಂದ ತಳ್ಳಿಕೊಂಡು ಬನ್ನಿ. ಅವನು ನಿಮ್ಮನ್ನೇ ಅಪ್ಪಿಕೊಂಡರೆ ಮೇಲಕ್ಕೆ ಏಳಲು ಗುದ್ದಾಡಬೇಡಿ, ಉಸಿರು ಹಿಡಿದು ಕೆಳಗೆ ಮುಳುಗಿ. ಅವನಿಗೆ ಬೇಕಾಗಿರುವುದು ಗಾಳಿ, ನೀವು ಮುಳುಗಿದರೆ ಕೈ ಬಿಡುತ್ತಾನೆ.

ಇನ್ನೊಂದು ದೋಣಿಯಲ್ಲಿ ಹೋಗುವವರ ಮಾತು. ಹೊಳೆಯ ನೀರು ದೋಣಿಯನ್ನೂ ಬಿದ್ದವನನ್ನೂ ಒಂದೇ ವೇಗದಲ್ಲಿ ಒಯ್ಯುತ್ತದೆ. ಗಾಳಿ ಮಾತ್ರ ಹಾಗಲ್ಲ, ಅದು ದೋಣಿಯನ್ನು ಬೇಗ ತಳ್ಳುತ್ತದೆ, ತಲೆಯಷ್ಟೇ ಹೊರಗಿರುವವನನ್ನು ಅಷ್ಟಾಗಿ ತಳ್ಳುವುದಿಲ್ಲ. ಹಾಗಾಗಿ ಗಾಳಿಗೆ ಮುಖ ಮಾಡಿ ಹತ್ತಿರ ಹೋಗಬೇಕು. ಗಾಳಿ ಬೆನ್ನಿಗಿದ್ದರೆ ದೋಣಿ ಅವನ ಮೇಲೇ ಹೋಗುತ್ತದೆ. ಮೋಟಾರು ದೋಣಿಯಾದರೆ ಕೊನೆಯ ಹತ್ತಾರು ಮೀಟರು ನಡಿಗೆಯ ವೇಗ ಸಾಕು, ಹಗ್ಗ ಅಥವಾ ಹುಟ್ಟು ಮುಟ್ಟುವಷ್ಟು ಹತ್ತಿರವಾದ ಕೂಡಲೇ ಎಂಜಿನ್ ಪೂರ್ತಿ ಬಂದ್ ಮಾಡಿ. ನ್ಯೂಟ್ರಲ್ಲಿಗೆ ಹಾಕಿದರೆ ಸಾಲದು. ಗೇರು ತಪ್ಪಿ ಬಿದ್ದರೆ ಪಂಖದ ಅಲಗಿಗೆ ಕಾಲು ಸಿಗುತ್ತದೆ.

ಹರಿಗೋಲಿಗೆ ಮೂತಿಯೂ ಇಲ್ಲ, ಬಾಲವೂ ಇಲ್ಲ. ತೇಲುವ ದೊಡ್ಡ ಬುಟ್ಟಿ ಅದು. ಒಬ್ಬ ಅಂಚು ಹಿಡಿದು ಹತ್ತಲು ನೋಡಿದರೆ ಆ ಮಗ್ಗುಲು ಬಗ್ಗಿ ನೀರು ನುಗ್ಗುತ್ತದೆ, ನೋಡಲು ಎದ್ದುನಿಂತವರೆಲ್ಲ ಆ ಕಡೆಗೇ ವಾಲುತ್ತಾರೆ, ಎರಡನೆಯ ಹರಿಗೋಲೂ ಮಗುಚುತ್ತದೆ. ಒಳಗಿರುವವರು ಕೆಳಗೆ ಕುಂತಿರಬೇಕು, ಒಬ್ಬ ಎದುರಿನ ಅಂಚಿಗೆ ಭಾರ ಕೊಡಬೇಕು, ಅಂಬಿಗ ಹುಟ್ಟನ್ನು ಚಾಚಿ ಹಿಡಿಯಲು ಹೇಳಬೇಕು. ದಡ ಹತ್ತಿರವಿದ್ದರೆ ಒಳಗೆ ಎಳೆದುಕೊಳ್ಳುವ ಗೋಜೇ ಬೇಡ, ಹಗ್ಗದ ಕುಣಿಕೆಯನ್ನು ಕಂಕುಳ ಕೆಳಗೆ ಹಾಕಿಸಿ ಎಳೆದುಕೊಂಡು ಹೋಗುವುದೇ ವಾಸಿ. ಎತ್ತಲೇಬೇಕಾದರೆ ಒಬ್ಬೊಬ್ಬರನ್ನೇ, ಇಬ್ಬರು ಕಂಕುಳಿಗೆ ಕೈಕೊಟ್ಟು, ಎದೆಮಟ್ಟ ಒಮ್ಮೆ ಕೆಳಗೆ ಅದುಮಿ ಮೇಲೇಳುವ ನೆಗೆತದಲ್ಲೇ ಎತ್ತಿ. ನಿಮ್ಮ ಹರಿಗೋಲಿನಲ್ಲಿ ಈಗಾಗಲೇ ತುಂಬ ಜನರಿದ್ದರೆ ಯಾರನ್ನೂ ಹತ್ತಿಸಬೇಡಿ. ತೇಲುವುದೆಲ್ಲ ಅವರ ಕಡೆ ಎಸೆದು, ಇದ್ದವರನ್ನು ಇಳಿಸಿ ಮತ್ತೆ ಬನ್ನಿ. ಇದು ಕಲ್ಲುಮನಸ್ಸಿನ ಮಾತಿನಂತೆ ಕೇಳಿಸಬಹುದು. ನೀರಿಗೆ ಬಿದ್ದವರು ಇಮ್ಮಡಿಯಾದರೆ ಯಾರಿಗೆ ಏನು ಉಪಕಾರ?

ಮಗುಚಿದ ದೋಣಿಯವರಿಗೆ ದೂರದಿಂದಲೇ ಕೂಗಿ ಹೇಳಬೇಕಾದ ಮಾತು, ದೋಣಿ ಬಿಡಬೇಡಿ ಅನ್ನುವುದು. ನೀರಿನ ಮಟ್ಟದಿಂದ ನೋಡಿದರೆ ದಡ ಇರುವುದಕ್ಕಿಂತ ಹತ್ತಿರ ಕಾಣುತ್ತದೆ. ಬಿದಿರಿನ ಹರಿಗೋಲು ನೀರು ತುಂಬಿದರೂ ಒಂದಿಷ್ಟು ತೇಲುತ್ತದೆ, ಹುಡುಕುವವರ ಕಣ್ಣಿಗೂ ಬೀಳುತ್ತದೆ. ಆದರೆ ಅದರ ಮೇಲ್ಮಗ್ಗುಲಿಗೆ, ಅಂದರೆ ನೀರು ಬರುವ ಕಡೆಗೆ, ಇರಬೇಕು. ಎರಡು ಮೀಟರು ಅಗಲದ ಹರಿಗೋಲಿನಲ್ಲಿ ಮೊಳದಷ್ಟು ನೀರು ತುಂಬಿದರೆ ಒಳಗಿನ ನೀರೇ ಸಾವಿರ ಲೀಟರಿಗೆ ಮಿಕ್ಕುತ್ತದೆ, ಒಂದು ಟನ್ನಿಗೂ ಹೆಚ್ಚು ತೂಕ. ಅದರ ಮತ್ತು ಸೇತುವೆ ಕಂಬದ ನಡುವೆ ಸಿಕ್ಕವನು ಜಜ್ಜಿಹೋಗುತ್ತಾನೆ. ಬೋರಲು ಬಿದ್ದ ಹರಿಗೋಲಿನ ಕೆಳಗೆ ಗಾಳಿ ಉಳಿದಿರುತ್ತದೆ, ಅಲ್ಲಿ ಮಗುವೋ ಮುದುಕರೋ ಸಿಕ್ಕಿರಬಹುದು. ತಳಕ್ಕೆ ಬಡಿದು ಕೂಗಿ ನೋಡದೆ ಮುಂದೆ ಹೋಗಬೇಡಿ. ಮೀನಿನ ಬಲೆ ಇದ್ದ ಜಾಗವಾದರೆ ಕೈಯಲ್ಲಿ ಕುಡಗೋಲು ಇರಲಿ.

ಬ್ಯಾರೇಜಿನ ಕೆಳಗೆ ಮಾತ್ರ ದೋಣಿ ಒಯ್ಯಲೇಬಾರದು. ಗೋಡೆಯ ಮೇಲಿಂದ ಧುಮುಕಿದ ನೀರು ತಳಕ್ಕೆ ಹೋಗಿ, ಸ್ವಲ್ಪ ಮುಂದೆ ಉಕ್ಕಿ ಎದ್ದು, ಮೇಲ್ಮೈಯಲ್ಲಿ ಹಿಂದಕ್ಕೆ ಗೋಡೆಯ ಕಡೆಗೇ ಹರಿಯುತ್ತದೆ. ಅಲ್ಲಿ ಸಿಕ್ಕಿದ ಕಟ್ಟಿಗೆ ತುಂಡು ಮುಳುಗಿ, ಎದ್ದು, ಮತ್ತೆ ಗೋಡೆಗೆ ಬಂದು ಮುಳುಗುತ್ತಲೇ ಇರುವುದನ್ನು ಯಾರಾದರೂ ಸೇತುವೆ ಮೇಲಿಂದ ನೋಡಬಹುದು. ಮನುಷ್ಯನದೂ ಅದೇ ಗತಿ. ಕೆಳಗಿನಿಂದ ಹತ್ತಿರ ಹೋದ ದೋಣಿಯನ್ನೂ ಆ ಹಿಮ್ಮುಖ ನೀರು ಒಳಗೆ ಎಳೆಯುತ್ತದೆ. ನೀರು ಉಕ್ಕಿ ಏಳುವ ಗೆರೆಯೇ ಎಲ್ಲೆ, ಅದನ್ನು ದಾಟಿ ಗೋಡೆಯ ಕಡೆಗೆ ಹೋಗಬಾರದು. ದಡದಿಂದ ಅಥವಾ ಸೇತುವೆಯಿಂದ ಹಗ್ಗ, ಟ್ಯೂಬು ಇಳಿಸುವುದು, ಗೇಟಿನ ಸಿಬ್ಬಂದಿಗೆ ಸುದ್ದಿ ಮುಟ್ಟಿಸುವುದು, ಇಷ್ಟೇ ಅಲ್ಲಿ ನಮ್ಮಿಂದಾಗುವುದು.

ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಭೀಮೆಯ ದಡದುದ್ದಕ್ಕೂ ರೈತರ ಪಂಪ್‌ಸೆಟ್ಟುಗಳಿವೆ, ಅವುಗಳ ಕೇಬಲ್ ನೀರಿನ ಅಂಚಿನಲ್ಲೇ ಹಾದಿರುತ್ತದೆ. ಹೊಳೆ ಏರಿದಾಗ ಜೋಡಿಸಿದ ವೈರು ಮುಳುಗಿರಬಹುದು. ನೀರಿಗೆ ಕಾಲಿಡುವ ಮುನ್ನ ಸ್ಟಾರ್ಟರ್ ಡಬ್ಬಿಯ ಮೇನ್ ಇಳಿಸಿ, ಸಾಧ್ಯವಾದರೆ ಲೈನ್‌ಮನ್‌ಗೆ ಹೇಳಿ ಲೈನೇ ತೆಗೆಸಿ.

ದಡಕ್ಕೆ ಬಂದವರನ್ನು ಎಣಿಸುವುದು ಸುಲಭ ಅನಿಸುತ್ತದೆ, ಅಲ್ಲ. ‘ಎಷ್ಟ್ ಮಂದಿ ಇದ್ರಿ?’ ಅಂತ ಇಬ್ಬರನ್ನು ಬೇರೆಬೇರೆಯಾಗಿ ಕೇಳಿ. ಕಂಕುಳ ಕೂಸನ್ನು ಲೆಕ್ಕಕ್ಕೆ ಹಿಡಿಯದವರಿದ್ದಾರೆ. ದೋಣಿ ಹತ್ತುವ ಘಟ್ಟದಲ್ಲಿ ನಿಂತ ಬೈಕು, ಬಿಟ್ಟುಹೋದ ಚಪ್ಪಲಿ, ಚೀಲ ಇವನ್ನೂ ತಾಳೆ ನೋಡಿ. ತಾನಾಗಿ ಈಜಿ ಎದುರು ದಡ ಸೇರಿದವನು ಸೀದಾ ಮನೆಗೆ ಹೋಗಿಬಿಟ್ಟರೆ ರಾತ್ರಿಯಿಡೀ ಅವನಿಗಾಗಿ ಹುಡುಕಾಟ ನಡೆಯುತ್ತದೆ, ಹೆಸರು ಬರೆದುಕೊಳ್ಳಿ. ಕಣ್ಮರೆಯಾದವನಿದ್ದರೆ ಕೊನೆಗೆ ಕಂಡ ಜಾಗದ ಗುರುತು ಅಲ್ಲೇ ಹಿಡಿಯಬೇಕು. ನೀವು ನಿಂತ ಕಡೆಯಿಂದ ಆ ಜಾಗದ ನೇರಕ್ಕೆ ಎದುರು ದಡದಲ್ಲಿ ಏನಿದೆ, ಬೇವಿನ ಮರವೋ ಗುಡಿಯ ಶಿಖರವೋ ನೋಡಿಡಿ, ನಿಂತಲ್ಲಿ ಒಂದು ಕಲ್ಲಿಡಿ. ನೂರು ಹೆಜ್ಜೆ ಆಚೆ ಇದ್ದ ಇನ್ನೊಬ್ಬರೂ ಹಾಗೇ ಮಾಡಲಿ. ಎರಡು ಗೆರೆ ಕೂಡುವಲ್ಲಿಂದ ಹುಡುಕಾಟ ಶುರುವಾಗಬೇಕು. ‘ಅಲ್ಲೇ ಎಲ್ಲೋ’ ಅನ್ನುವುದರಿಂದ ಮುಳುಗು ಈಜುಗಾರರಿಗೆ ಏನೂ ದಕ್ಕುವುದಿಲ್ಲ.

ಮೇಲೆ ತಂದವನಿಗೆ ಎಚ್ಚರವಿಲ್ಲ, ಉಸಿರಿಲ್ಲ ಅಂದರೆ ನಮ್ಮಲ್ಲಿ ಮೊದಲು ಆಗುವುದೆಲ್ಲ ತಪ್ಪು: ಹೊಟ್ಟೆ ಒತ್ತುವುದು, ಕಾಲು ಹಿಡಿದು ತಲೆಕೆಳಗು ಮಾಡುವುದು, ಹೊತ್ತುಕೊಂಡು ಗಿರಗಿರ ತಿರುಗಿಸುವುದು. ಅವನ ಜೀವ ಹೋಗುತ್ತಿರುವುದು ಹೊಟ್ಟೆಯ ನೀರಿನಿಂದಲ್ಲ, ಮಿದುಳಿಗೆ ಪ್ರಾಣವಾಯು ಇಲ್ಲದ್ದರಿಂದ. ಹೊಟ್ಟೆ ಒತ್ತಿದರೆ ಉಂಡದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ. ಉಪ್ಪಿನಲ್ಲಿ ಹೂತರೆ ಬದುಕುತ್ತಾರೆ ಅಂತ ಮೊಬೈಲಿನಲ್ಲಿ ಹರಿದಾಡುವುದು ಶುದ್ಧ ಸುಳ್ಳು. ಅದನ್ನು ನಂಬಿ ಮಕ್ಕಳನ್ನು ಉಪ್ಪಿನ ರಾಶಿಯಲ್ಲಿಟ್ಟು ಕಾದ ತಂದೆತಾಯಿ ನಮ್ಮ ರಾಜ್ಯದಲ್ಲೇ ಇದ್ದಾರೆ.

ಮಾಡಬೇಕಾದ್ದು ಇದು. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಹಣೆ ಹಿಂದಕ್ಕೆ ಬಾಗಿಸಿ ಗದ್ದ ಎತ್ತಿ. ಹತ್ತು ಸೆಕೆಂಡಿಗೆ ಮೀರದಂತೆ ಉಸಿರು ನೋಡಿ. ಆಗೊಮ್ಮೆ ಈಗೊಮ್ಮೆ ಬರುವ ಗೊರಕೆಯಂಥ ಏದುಸಿರು ಉಸಿರಾಟವಲ್ಲ. ಉಸಿರಿಲ್ಲದಿದ್ದರೆ ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು, ಎದೆ ಏಳುವಷ್ಟು ಐದು ಸಲ ಊದಿ, ಒಂದೊಂದಕ್ಕೆ ಒಂದು ಸೆಕೆಂಡು. ಹೃದಯಾಘಾತದಿಂದ ಹೃದಯ ನಿಂತವರಿಗೆ ಎದೆ ಒತ್ತುವುದು ಮೊದಲು. ಮುಳುಗಿದವರಿಗೆ ಉಸಿರು ಮೊದಲು, ಯಾಕೆಂದರೆ ಹೃದಯ ನಿಂತದ್ದೇ ಉಸಿರಿಲ್ಲದೆ. ಆಮೇಲೆ ಎದೆಯ ನಡುಮಧ್ಯೆ ಅಂಗೈಯ ಬುಡವಿಟ್ಟು, ಮೊಣಕೈ ಮಡಿಸದೆ, 5ರಿಂದ 6 ಸೆಂಟಿಮೀಟರು ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ಲೆಕ್ಕದಲ್ಲಿ 30 ಸಲ ಒತ್ತಿ, ಎರಡು ಸಲ ಊದಿ. ಮಕ್ಕಳಿಗೆ ಎದೆಯ ದಪ್ಪದ ಮೂರನೆಯ ಒಂದು ಪಾಲು ಒತ್ತಿದರೆ ಸಾಕು. ಬಾಯಲ್ಲಿ ನೊರೆ ಬಂದರೆ ಒರೆಸುತ್ತ ಕೂರದೆ ಊದುತ್ತಿರಿ, ವಾಂತಿ ಬಂದರೆ ಮಗ್ಗುಲಿಗೆ ತಿರುಗಿಸಿ ಬಾಯಿ ತೆಗೆದು ಮತ್ತೆ ಶುರುಮಾಡಿ. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಯಿಸಿ, ದಣಿದ ಕೈ ಆಳಕ್ಕೆ ಒತ್ತುವುದಿಲ್ಲ. ನೀರೊಳಗೆ 10 ನಿಮಿಷದೊಳಗೆ ಇದ್ದವರು ಚೇತರಿಸಿಕೊಳ್ಳುವ ಸಾಧ್ಯತೆ ಒಳ್ಳೆಯದಿರುತ್ತದೆ, 25 ನಿಮಿಷ ಮೀರಿದರೆ ತೀರಾ ಕಡಿಮೆ. ಆದರೂ 108 ಬರುವವರೆಗೆ ಬಿಡಬೇಡಿ. ಸತ್ತರು ಅಂತ ತೀರ್ಮಾನಿಸುವುದು ದಡದ ಮಂದಿಯ ಕೆಲಸವಲ್ಲ.

ಉಸಿರಾಡುತ್ತಿದ್ದು ಎಚ್ಚರವಿಲ್ಲದವನನ್ನು ಮಗ್ಗುಲಾಗಿ ಮಲಗಿಸಿ. ಎಚ್ಚರವಿದ್ದವರ ಒದ್ದೆ ಬಟ್ಟೆ ತೆಗೆದು ಕೌದಿ, ಕಂಬಳಿ ಹೊದಿಸಿ. ಗಾಳಿಗಿಂತ ನೀರು ಸುಮಾರು 25 ಪಟ್ಟು ಬೇಗ ಮೈಯ ಕಾವನ್ನು ಎಳೆಯುತ್ತದೆ. ಡಿಸೆಂಬರ್, ಜನವರಿಯ ಬೀದರಿನ ಚಳಿಯಲ್ಲಿ ಕಾರಂಜಾದ ನೀರಲ್ಲಿ ತಾಸುಗಟ್ಟಲೆ ಇದ್ದವನು ಮೇಲೆ ಬಂದ ಕೂಡಲೇ ನಿಲ್ಲಿಸಿದರೆ ಕುಸಿಯಬಹುದು, ಆದ್ದರಿಂದ ಮಲಗಿಸಿಯೇ ಸಾಗಿಸಿ. ಕೈಕಾಲು ತಿಕ್ಕುವುದು, ಸೆರೆ (ಸಾರಾಯಿ) ಕುಡಿಸುವುದು ಬೇಡ. ನುಂಗಲು ಬರುತ್ತಿದ್ದರೆ ಬಿಸಿ ಸಿಹಿ ಚಹಾ ಕೊಡಬಹುದು. ನೀರು ಕುಡಿದು ಕೆಮ್ಮಿದವರು ‘ನಂಗೇನೂ ಆಗಿಲ್ರಿ’ ಅಂತ ಎದ್ದು ಹೊರಟರೂ ಆಸ್ಪತ್ರೆಗೆ ಕಳಿಸಿ, ಆರೆಂಟು ತಾಸು ಅವರ ಮೇಲೆ ನಿಗಾ ಬೇಕು. ಶ್ವಾಸಕೋಶಕ್ಕೆ ಹೋದ ನೀರಿನ ಕಾಟ ತಡವಾಗಿ ಉಬ್ಬಸವಾಗಿ ತೋರಬಹುದು.

ಇಷ್ಟಕ್ಕೆಲ್ಲ ಬೇಕಾಗುವ ಸಾಮಾನು ಘಟ್ಟದಲ್ಲಿ ಮೊದಲೇ ಇದ್ದರೆ ಮಾತ್ರ ಉಪಯೋಗ. ಗಾಳಿ ತುಂಬಿದ ಎರಡು ಟ್ಯೂಬು, ನಾಲ್ಕಾರು ಖಾಲಿ ಕ್ಯಾನು, 20 ಮೀಟರಿನ ಎರಡು ಹಗ್ಗ, ಉದ್ದನೆಯ ಒಂದು ಬಿದಿರ ಗಳ, ಸೀಟಿ, ಟಾರ್ಚು. ಹತ್ತಿರದ ಗುಡಿಯ ಗೋಡೆಗೆ 112, 108, 1077 ಮತ್ತು ಆ ಜಾಗ ಯಾವ ದಡ, ಯಾವ ತಾಲೂಕು ಅನ್ನುವುದನ್ನು ಬಣ್ಣದಲ್ಲಿ ಬರೆಸಿ. ಹಗ್ಗಕ್ಕೆ ಬೇರೆ ಬಣ್ಣ ಹಚ್ಚಿಡಿ, ಇಲ್ಲದಿದ್ದರೆ ಎಂಟು ದಿನದೊಳಗೆ ಯಾರದೋ ಎಮ್ಮೆಯ ಕೊರಳಲ್ಲಿ ಇರುತ್ತದೆ. ಪ್ಲಾಸ್ಟಿಕ್ ಹಗ್ಗ ನಮ್ಮ ಬಿಸಿಲಿಗೆ ಒಂದೇ ಬೇಸಿಗೆಯಲ್ಲಿ ಪೆಡಸಾಗುತ್ತದೆ. ಬಗ್ಗಿಸಿದಾಗ ಪುಡಿ ಉದುರಿದರೆ ಅದರ ಕೆಲಸ ಮುಗಿಯಿತು. ಕಾರಹುಣ್ಣಿಮೆಗೆ ಎತ್ತಿಗೆ ಹೊಸ ಹಗ್ಗ ಕೊಳ್ಳಲು ಸಂತೆಗೆ ಹೋದಾಗ ಘಟ್ಟಕ್ಕೂ ಒಂದು ತಂದುಬಿಡಿ, ಹೊಳೆ ಬರುವುದು ಅದಾದ ಮೇಲೇ.